ಕಳ್ಳಿಗೆ ಹನ್ನೆರಡು ಅಂಕ

ಗ್ರಿಮ್ಸ್‌ಬಿಯ ಫ್ರೀಮನ್ ಬೀದಿಯಲ್ಲಿ
ಮೀನು ಕರಿಯುವ ಅಂಗಡಿಯ ಮೇಲಿನ ಕೋಣೆ.
ಗುರುವಾರ ರಾತ್ರಿ. ಕಿಟಕಿಗೆಲ್ಲ ಎಣ್ಣೆಯ ಆವಿ.
ಬಸ್ಸು ಓಡಿಸಿ ನಿವೃತ್ತನಾದ ಕ್ಲೈವ್
ರಟ್ಟಿನ ಪರದೆ ನಿಲ್ಲಿಸಿ ಅದರ ಹಿಂದೆ
ಒಂದು ಗುಹೆಯನ್ನು ಬಚ್ಚಿಟ್ಟುಕೊಂಡು ಕೂತಿದ್ದಾನೆ.

ನನ್ನ ಮುಂದೆ ಹಾಳೆ, ಪೆನ್ಸಿಲ್ಲು, ರಬ್ಬರು.
ಹಂಚಲು ಹನ್ನೆರಡು ಅಂಕ.
ಎಷ್ಟು ಚೂರಿಗೆ, ಎಷ್ಟು ಕಾಲಿಗೆ?
ಎಷ್ಟು ಇರಿತಕ್ಕೆ, ಎಷ್ಟು ನುಣುಚಾಟಕ್ಕೆ?
ಹದಿಮೂರನೆಯದು ಕೇಳಿದರೆ ಕ್ಲೈವ್
"ಟಿಕೆಟ್ ಇಲ್ಲದೆ ಹತ್ತಬೇಡ" ಎನ್ನುತ್ತಾನೆ.

ಮೊದಲ ಕಳ್ಳಿಗೆ ಹತ್ತನ್ನೂ ಚೂರಿಗೇ ಸುರಿದೆ.
ಕತ್ತಲಲ್ಲಿ, ಬೆನ್ನ ಹಿಂದಿನಿಂದ, ಒಂದೇ ಇರಿತ,
ದೈತ್ಯ ನೆಲಕ್ಕೆ. ರೀಸ್ ಮೇಜು ಕುಟ್ಟಿದ.
ಎರಡನೇ ದೈತ್ಯ ತಿರುಗಿ ನೋಡಿತು, ಅಷ್ಟೆ.
ಗಾಜಿನ ಬಳೆಯಂಥ ಹುಡುಗಿ,
ನನ್ನ ಚಹಾ ಆರುವ ಮೊದಲೇ ಚೂರು.

ಎರಡನೆಯವಳಿಗೆ ಅದನ್ನೇ ತಿರುವಿ ಹಾಕಿದೆ.
ಹೆಸರು ಸುಳಿ. ಚೂರಿಗೆ ಬರೀ ಎರಡು.
ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು:
ಗಾದೆಯನ್ನು ಅವರಿಗೂ ಬಿಡಿಸಿ ಹೇಳಿದೆ,
ಕ್ಲೈವ್ ಮೆಚ್ಚಿ ಪರದೆಯ ಮೇಲೆ ಗೀಚಿಕೊಂಡ.
ಬಾಣ ಬಂದಲ್ಲಿ ಸುಳಿ ಇರುತ್ತಿರಲಿಲ್ಲ.
ಒಂಬತ್ತು ವಾರ, ಒಂದು ಗೀರಿಲ್ಲ.

ನನಗಿದು ಹೊಸದೂ ಅಲ್ಲ.
ಚಳ್ಳಕೆರೆ ಹೈಸ್ಕೂಲಿನ ಕಬಡ್ಡಿ ಅಂಕಣದಲ್ಲಿ
ಉಸಿರು ಕಟ್ಟಿ ಹೋಗಿ, ಬೋನಸ್ ಗೆರೆ ತುಳಿದು, ವಾಪಸು.
ಯಾರನ್ನೂ ಮುಟ್ಟಿದವಳಲ್ಲ, ಯಾರ ಕೈಗೂ ಸಿಕ್ಕವಳಲ್ಲ.
ಡ್ರಿಲ್ ಮೇಡಂ ಪುಟ್ಟಗೌರಮ್ಮ ಬಾಯಿಂದ ಸೀಟಿ ತೆಗೆದು
"ಹೋಗಿದ್ದೆಲ್ಲಿಗೆ, ನೆಂಟರ ಮನೆಗಾ?" ಅನ್ನೋರು.

ಹತ್ತನೇ ವಾರ
ಸುರಂಗದ ಬಾಯಲ್ಲಿ ಕಲ್ಲಿನ ದೈತ್ಯ ಗದೆ ಬೀಸಿತು.
ಇಪ್ಪತ್ತು ಮುಖದ ದಾಳ ಉರುಳಿತು, ಸುಳಿ ಜಾರಿದಳು.
ಮತ್ತೆ ಬೀಸಿತು, ಮತ್ತೆ ಜಾರಿದಳು.
ನನ್ನ ಚೂರಿ ಅದರ ಮೈ ಕೆರೆಯಿತು, ಉಗುರಿನ ಹಾಗೆ,
ಅದಕ್ಕೆ ಹಿತವಾಗಿತ್ತೋ ಏನೋ.
ಮೂರು ಸುತ್ತಿಗೆ ಮುಗಿಯಬೇಕಾದದ್ದು ಹನ್ನೊಂದಾಯಿತು.
ತಪ್ಪಿದ ದೊಣ್ಣೆ ಗಾಳಿಯಲ್ಲಿ ಕರಗುವುದಿಲ್ಲ.
ಗಾದೆ ಅದನ್ನು ಹೇಳುವುದಿಲ್ಲ, ಆಯಸ್ಸು ಎಣಿಸಿ ನಿಂತುಬಿಡುತ್ತದೆ.
ನನ್ನ ಹಿಂದೆ ದೀಪ ಹಿಡಿದು ನಿಂತಿದ್ದವಳು
ಡಾನುತಾಳ ವೈದ್ಯೆ.

ಡಾನುತಾ ಏನೂ ಅನ್ನಲಿಲ್ಲ.
ಸತ್ತವಳ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ
ಚಿಪ್ಸಿನ ಕಾಗದದ ಕೆಳಗಿಟ್ಟಳು.

ಆ ವಾರದ್ದೇ ಸೋಮವಾರ, ಮೀನಿನ ಕಾರ್ಖಾನೆಯಲ್ಲಿ
ಶೀತಲ ಕೋಣೆಯ ಬಾಗಿಲು ರಾತ್ರಿಯಿಡೀ ತೆರೆದಿತ್ತು.
"ಯಾರು?" ಅಂದ ಮೇಲ್ವಿಚಾರಕ.
ನಾನು ಕೈಗವಸು ತೊಳೆಯುತ್ತಿದ್ದೆ.
ತುಂಬ ಹೊತ್ತು ತೊಳೆದೆ.
ಪ್ರಶ್ನೆ ನನ್ನ ಭುಜ ಸವರಿಕೊಂಡು ಹೋಗಿ
ಡಾನುತಾಳಿಗೆ ಬಡಿಯಿತು. ಎರಡು ಪಾಳಿ ಖೋತಾ.
ಕೊನೆಗೆ ಆ ಬಾಗಿಲು ದಾಟಿದವಳು ನಾನು.

ಈಗ ಮೂರನೆಯವಳು.
ಉಜ್ಜಿ ಉಜ್ಜಿ ಹಾಳೆ ಈರುಳ್ಳಿ ಸಿಪ್ಪೆಯಾಗಿದೆ.
"ಆರು-ಆರು ಹಾಕು, ತಲೆನೋವಿಲ್ಲ" ಅನ್ನುತ್ತಾನೆ ರೀಸ್.
ಸಮ ತೂಗಲಿಕ್ಕೆ ಇದೇನು ಕಾಡ್ ಮೀನಾ?
ಚೂರಿಗೆ ಆರು ಬರೆದೆ, ಕಾಲಿಗೆ ಐದು.
ಒಂದು ಇನ್ನೂ ಪೆನ್ಸಿಲ್ಲಿನ ತುದಿಯಲ್ಲೇ ಇದೆ.

ನಮ್ಮಲ್ಲಿ ಕಳ್ಳಿ ಅಂದರೆ ಗಿಡ ಕೂಡ,
ಡಾನುತಾಳಿಗೆ ಹೇಳುತ್ತೇನೆ, ಬೇಲಿಯಲ್ಲಿರುತ್ತದೆ,
ಎಲ್ಲಿಗೂ ಓಡುವುದಿಲ್ಲ. ಕಡಿದರೆ ಹಾಲು ಸುರಿಸುತ್ತದೆ,
ಆ ಹಾಲು ಕಣ್ಣಿಗೆ ಬಿದ್ದವನು ಮತ್ತೆ ಮಚ್ಚು ಎತ್ತುವ ಮುಂಚೆ
ಸ್ವಲ್ಪ ಯೋಚಿಸುತ್ತಾನೆ.
ಅವಳು ನಗುವುದಿಲ್ಲ. ಹೊಸ ವೈದ್ಯೆಗೆ ಹೆಸರು ಹುಡುಕುತ್ತಿದ್ದಾಳೆ.

ಕೆಳಗೆ ಎಣ್ಣೆಗೆ ಏನೋ ಬಿದ್ದು ಚರ್ ಎಂದಿತು.
ಪರದೆಯ ಹಿಂದಿನಿಂದ ಕ್ಲೈವ್:
"ಒಳಗೆ ಏನೋ ಉಸಿರಾಡುತ್ತಿದೆ. ಮುಂದೆ ಯಾರು?"

ನಾನು, ಅಂದೆ.
ಬಾಗಿಲೂ ನಾನೇ, ಡಾನುತಾ, ಅಂದೆ.
ಅವಳು ತಲೆಯೆತ್ತಿದಳು. ಕ್ಲೈವ್‌ಗೆ ಗೊಂದಲ,
ಅವನ ಗುಹೆಯಲ್ಲಿ ಬಾಗಿಲೇ ಇರಲಿಲ್ಲ.
ದಾಳ ಇನ್ನೂ ನನ್ನ ಅಂಗೈಯಲ್ಲಿ, ಬೆವರುತ್ತಾ.